ಲಾಡಿ ಕಟ್ಟುವ ಜಾಗದ ಹುಣ್ಣು

ವಡಗಾವಿಯ ಅಕ್ಕತಂಗಿಯರೇ, ಸೀರೆ ನೇಯುವ ಓಣಿಗಳಿಗೇ ಬಂದು ಸೀರೆಯ ಮಾತು ಆಡುತ್ತಿದ್ದೇನೆ, ನಗಬೇಡಿ. ಹೇಳಬೇಕಾದದ್ದು ಒಳಗಿನ ಪರಕಾರದ ಲಾಡಿಯ ಬಗ್ಗೆ.

ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಪಟ್ಟೆ ಬೀಳದ ಹೆಂಗಸು ನಮ್ಮಲ್ಲಿ ಕಡಿಮೆ. ಪಟ್ಟೆಗೆ ಹೆದರಬೇಕಿಲ್ಲ. ಅದರ ಮೇಲೆ ಹುಣ್ಣೆದ್ದು, ತಿಂಗಳಾದರೂ ಮಾಯದೆ, ಅಂಚು ಗಟ್ಟಿಯಾಗಿ ರಕ್ತ ಒಸರುತ್ತಿದ್ದರೆ ಅರಿಸಿನ ಮೆತ್ತುವುದನ್ನು ನಿಲ್ಲಿಸಿ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮೂ ಬೇಡ. ಧೋತರ ಬಿಗಿಯುವ ಜಾಗದಲ್ಲಿ ಇಂಥ ಹುಣ್ಣು ಕ್ಯಾನ್ಸರ್ ಆಗುವುದನ್ನು ಮುಂಬೈಯ ಡಾ. ಖಾನೋಲ್ಕರ್ 1945ರಲ್ಲೇ ಬರೆದಿಟ್ಟರು. 2024ರಲ್ಲಿ ವರ್ಧಾ, ಮಧುಬನಿಯ ವೈದ್ಯರು ಸೊಂಟದಲ್ಲಿ ಹೀಗೇ ಆದ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಪ್ರಕಟಿಸಿದರು. ಒಬ್ಬರು ಆ ಹುಣ್ಣನ್ನು ಒಂದೂವರೆ ವರ್ಷ ಸೆರಗಿನಡಿ ಇಟ್ಟುಕೊಂಡಿದ್ದರು, ಇನ್ನೊಬ್ಬರು ಎರಡು ವರ್ಷ. ಒಬ್ಬರಿಗೆ ತೊಡೆಸಂದಿಯ ಗ್ರಂಥಿಗೂ ಹಬ್ಬಿತ್ತು. ರೋಗ ಅಪರೂಪದ್ದೇ, ಒಪ್ಪುತ್ತೇನೆ. ಸೊಂಟ ತೋರಿಸಲು ನಾಚುವುದು ಅಪರೂಪವಲ್ಲವಲ್ಲ! ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಾಗಲಿ, ನೆಹರೂ ನಗರದ ಕೆಎಲ್‌ಇಯಲ್ಲಾಗಲಿ ಚರ್ಮದ ವಿಭಾಗವಿದೆ. ಲೇಡಿ ಡಾಕ್ಟರ್ ಬೇಕೆಂದು ಬಾಯಿಬಿಟ್ಟು ಕೇಳಿ.

ಕಣ್ಣಿಂದ ನೋಡಿದರೆ ಅನುಮಾನ ಹುಟ್ಟಬಹುದು, ತೀರುವುದಿಲ್ಲ. ಅದಕ್ಕೇ ಬಯಾಪ್ಸಿ. ‘ಕತ್ತರಿ ತಾಗಿದರೆ ಕೆರಳಿ ಹಬ್ಬುತ್ತದೆ’ ಎನ್ನುವ ಓಣಿಯ ಪಂಡಿತರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಮೊದಲು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕೆಂಜಿಗ ಕಚ್ಚಿದ ಹಾಗೆ ಚುರುಕ್ ಎನ್ನುತ್ತದೆ, ನೋವೆಂದರೆ ಅಷ್ಟೇ. ಆಮೇಲೆ ಮೂರೋ ನಾಲ್ಕೋ ಮಿಲಿಮೀಟರ್ ಅಗಲದ ದುಂಡು ಬ್ಲೇಡನ್ನು ಹುಣ್ಣಿನ ಅಂಚಿಗೆ ಒತ್ತಿ ತಿರುಗಿಸಿ, ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಅದೇ ದಿನ ಮನೆಗೆ. ಆ ತುಣುಕು ಫಾರ್ಮಲಿನ್ ಬಾಟಲಿಗೆ ಬೀಳುತ್ತದೆ. ಬಾಟಲಿಯ ಮೇಲೆ ನಿಮ್ಮ ಹೆಸರು, ಎಡವೋ ಬಲವೋ ಎಂಬುದು ಸರಿಯಾಗಿದೆಯೇ ಎಂದು ನೀವೇ ಓದಿ, ಇಲ್ಲವೇ ಓದಿಸಿ ಕೇಳಿ. ಗದ್ದಲದಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮೊದಲೇ ಹೇಳಿ. ಗುಳಿಗೆಯನ್ನು ನಿಮ್ಮಷ್ಟಕ್ಕೆ ಬಿಡಬೇಡಿ.

ಬಹಳಷ್ಟು ಹುಣ್ಣುಗಳು ಬರೀ ತಿಕ್ಕಾಟದವು, ಲಾಡಿ ಸಡಿಲಿಸಿದರೆ ಮಾಯುವಂಥವು. ನಿಮ್ಮದು ಅದೇ ಎಂದು ಮೊದಲೇ ತೀರ್ಮಾನಿಸಿ ವರದಿ ತರದೆ ಕೂರಬೇಡಿ. ಖಾನಾಪುರದಿಂದ ಬರುವವರು ವರದಿಯ ದಿನ, ಹೊಲಿಗೆ ಬಿಚ್ಚುವ ದಿನ ಒಂದೇ ಆಗುತ್ತದೆಯೇ ಕೇಳಿಕೊಳ್ಳಿ, ಒಂದು ಬಸ್ ಚಾರ್ಜು ಉಳಿದೀತು. ಅಲ್ಲಿಯವರೆಗೆ ಲಾಡಿಯ ಬದಲು ಅಗಲ ಪಟ್ಟಿಯ ಪರಕಾರವನ್ನೇ ಸಡಿಲವಾಗಿ ಉಡಿ; ಹೊಲಿಗೆಯ ಮೇಲೆ ದಾರ ಉಜ್ಜಬಾರದು.