ಸೋರಿಕೆ ನಿಂತರೆ ಮಿದುಳು ಉಳಿದೀತೇ?

ಹಲ್ಲು ಕೀಳುವ ಮೊದಲು ದಂತವೈದ್ಯರು ಒಸಡಿಗೆ ಕೊಡುವ ಇಂಜೆಕ್ಷನ್ ನಿಮಗೆ ಗೊತ್ತಿರಬಹುದು. ತುಟಿ ದಪ್ಪಗಾದಂತೆ ಅನಿಸಿ ಜೋಮು ಹಿಡಿಯುತ್ತದೆ. ಎಚ್ಚರ ಮಾತ್ರ ತಪ್ಪುವುದಿಲ್ಲ. ಹೀಗೆ ಒಂದು ಜಾಗವನ್ನಷ್ಟೇ ಮರಗಟ್ಟಿಸುವ ಮದ್ದಿಗೆ ಸ್ಥಳೀಯ ಅರಿವಳಿಕೆ ಎನ್ನುತ್ತಾರೆ. ಅವುಗಳಲ್ಲಿ ಹೆಸರಾದದ್ದು ಲಿಡೊಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಅದನ್ನು ತಯಾರಿಸಿದರು. ರಕ್ತ ಸಾಲದೆ ಸೊರಗುವ ಮಿದುಳನ್ನು ಇದೇ ಮದ್ದು ಕಾಪಾಡಬಲ್ಲದೇ? ಬನ್ನಿ, ಬುಡದಿಂದ ನೋಡೋಣ.

ನರಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಕೋಶದ ಪೊರೆಯಲ್ಲಿ ಸೋಡಿಯಂಗೆಂದೇ ಪುಟ್ಟ ದ್ವಾರಗಳಿವೆ. ಅವು ತೆರೆದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ನರದಲ್ಲಿ ಸಂಕೇತ ಹರಿಯುತ್ತದೆ. ಹಾಗೆ ನುಗ್ಗಿದ್ದನ್ನು ಹೊರಹಾಕಲು ಪೊರೆಯಲ್ಲೇ ಪಂಪುಗಳಿವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪಿನ ಬಗ್ಗೆ ಬರೆದರು. 1997ರಲ್ಲಿ ಅವರಿಗೆ ನೊಬೆಲ್ ಬಂತು. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು ಆಮ್ಲಜನಕದ ಶೇ. 20ರಷ್ಟನ್ನು ಬಳಸುತ್ತದೆ. ಆ ಖರ್ಚಿನಲ್ಲಿ ಈ ಪಂಪುಗಳದೇ ದೊಡ್ಡ ಪಾಲು.

ಈಗ ರಕ್ತದ ಹರಿವು ತಗ್ಗಿತು ಎನ್ನಿ. ಪಂಪಿಗೆ ಶಕ್ತಿ ಸಾಲದು, ಸೋರಿಕೆಯೋ ನಿಲ್ಲದು. ತೂತು ಬಿದ್ದ ದೋಣಿಯಲ್ಲಿ ನೀರು ಮೊಗೆಯುವವನ ಕೈ ಸೋತ ಹಾಗೆ. ಸೋಡಿಯಂ ತುಂಬಿಕೊಳ್ಳುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಊದುತ್ತದೆ. ಆಮೇಲೆ ಕ್ಯಾಲ್ಸಿಯಂ ನುಗ್ಗಿ ಕೋಶವನ್ನು ಒಳಗಿನಿಂದಲೇ ಹಾಳುಗೆಡವುತ್ತದೆ.

ಲಿಡೊಕೇನ್ ಆ ಸೋಡಿಯಂ ದ್ವಾರಕ್ಕೇ ಅಡ್ಡ ಕೂರುತ್ತದೆ. ಸೋರಿಕೆ ತಗ್ಗಿದರೆ ಪಂಪಿನ ದುಡಿಮೆಯೂ ತಗ್ಗಬೇಕಲ್ಲವೇ? ಕೋಪನ್‌ಹೇಗನ್ನಿನ ಯೆನ್ಸ್ ಆಸ್ಟ್ರುಪ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದರು. ನಿದ್ರಾಜನಕ ಕೊಟ್ಟು ಮಿದುಳಿನ ವಿದ್ಯುತ್ ಚಟುವಟಿಕೆಯನ್ನೆಲ್ಲ ನಿಲ್ಲಿಸಿದ ಮೇಲೂ, ಲಿಡೊಕೇನ್ ಆಮ್ಲಜನಕದ ಬಳಕೆಯನ್ನು ಇನ್ನಷ್ಟು ಇಳಿಸಿತು! ಕೆಲಸ ನಿಲ್ಲಿಸಿದ ಕೋಶವೂ ಸೋರುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ನನಗೆ ತೋರದು.

ಆದರೆ ಪ್ರಮಾಣವನ್ನು ಗಮನಿಸಿ. ಆ ನಾಯಿಗಳಿಗೆ ಕೊಟ್ಟಷ್ಟನ್ನು ಮನುಷ್ಯರಿಗೆ ಕೊಡುವಂತಿಲ್ಲ. ಅತಿಯಾದರೆ ಸೆಳವು ಬರುತ್ತದೆ, ಹೃದಯವೇ ನಿಲ್ಲಬಹುದು. ಹಾಗಾಗಿ ಮನುಷ್ಯರಲ್ಲಿ ಸಣ್ಣ ಪ್ರಮಾಣವನ್ನೇ ಪರೀಕ್ಷಿಸಬೇಕಾಯಿತು. 1999ರಲ್ಲಿ ನ್ಯೂಜಿಲೆಂಡಿನ ಸೈಮನ್ ಮಿಚೆಲ್ ತಂಡ, ಮಿದುಳಿಗೆ ರಕ್ತ ಸಾಲದಾಗುವ ಅಪಾಯವಿರುವ ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ 48 ಗಂಟೆ ಲಿಡೊಕೇನ್ ಹನಿಸಿ, ಅವರ ನೆನಪು ಮತ್ತು ಏಕಾಗ್ರತೆ ಕುಗ್ಗುವುದು ಕಡಿಮೆಯಾಯಿತೆಂದು ವರದಿ ಮಾಡಿತು. ಹತ್ತು ವರ್ಷಗಳ ಬಳಿಕ ಅದೇ ತಂಡ ಇನ್ನೂ ಹೆಚ್ಚು ರೋಗಿಗಳಲ್ಲಿ ನೋಡಿದಾಗ ಆ ಲಾಭ ಕಾಣಲಿಲ್ಲ.