ಗಿಟ್ ಕೆಟ್ಟಿಲ್ಲ, ಮೊದಲು ಸ್ಟೇಟಸ್ ನೋಡಿ

ಕಂಪ್ಯೂಟರ್ ಲ್ಯಾಬಿನಲ್ಲಿ ವಾರಕ್ಕೆ ನಾಲ್ಕೈದು ಸಲವಾದರೂ ನನ್ನ ಕಿವಿಗೆ ಬೀಳುವ ಮಾತು: ‘ಮೇಡಂ, ಗಿಟ್ ಕೆಟ್ಟೋಯ್ತು.’ ಹತ್ತಿರ ಹೋಗಿ ನೋಡಿದರೆ ಗಿಟ್ ಕೆಟ್ಟಿರುವುದಿಲ್ಲ. ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಇರುತ್ತದೆ, ಅದನ್ನು ಯಾರೂ ಓದಿರುವುದಿಲ್ಲ. ಪಕ್ಕದಲ್ಲಿ ಕೂತವರ ಸಲಹೆ ಮಾತ್ರ ಸಿದ್ಧವಾಗಿರುತ್ತದೆ: ‘ಫೋಲ್ಡರ್ ಡಿಲೀಟ್ ಮಾಡು, ಇನ್ನೊಂದ್ಸಲ ಕ್ಲೋನ್ ಮಾಡ್ಕೊ.’ ಈ ಒಂದು ಸಲಹೆಯ ವಿರುದ್ಧ ಬರೆಯಬೇಕೆಂದೇ ಈ ಪಾಠ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ರಾಮಾಪುರ, ಲೊಕ್ಕನಹಳ್ಳಿ ಕಡೆಯಿಂದ ಬರುವವರಿಗೆ ಲ್ಯಾಬಿನ ಒಂದು ಗಂಟೆಯೇ ಗಂಟೆ. ಅಲ್ಲಿ ಮಾಡಿದ ಕೆಲಸ ಅಳಿಸಿಹೋದರೆ ರಾತ್ರಿ ಕೂತು ಮತ್ತೆ ಮಾಡುವ ದಾರಿ ಅವರಿಗಿಲ್ಲ. ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡಿದರೆ ಸಿಗುವುದು ಗಿಟ್‌ಹಬ್‌ಗೆ ಈಗಾಗಲೇ ಹೋಗಿರುವ ಪ್ರತಿ ಮಾತ್ರ. ಪುಶ್ ಮಾಡದೆ ಉಳಿದಿದ್ದ ಕಮಿಟ್‌ಗಳು, ಕಮಿಟ್ ಮಾಡದೆ ಉಳಿದಿದ್ದ ಸಾಲುಗಳು, ಕಳೆದದ್ದನ್ನು ಹುಡುಕಿಕೊಡುವ ದಾಖಲೆ, ಎಲ್ಲ ಒಟ್ಟಿಗೇ ಹೋಗುತ್ತವೆ.

ಮಗ್ಗದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮನೆಯಲ್ಲಿ ಹಾಸು-ಹೊಕ್ಕು ಎನ್ನುವವರಿಗೂ ತಾನಾ-ಬಾನಾ ಎನ್ನುವವರಿಗೂ ಗೊತ್ತು: ರೇಷ್ಮೆ ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾರೆ. ಅರ್ಧ ನೇಯ್ದ ಸೀರೆಯನ್ನು ಕತ್ತರಿಸಿ ಎಸೆಯುವುದಿಲ್ಲ.

ಮುಂದಿನ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ‘ಹೆಡ್’ ಎಂಬುದು ಮಾತ್ರ ದೊಡ್ಡ ಅಕ್ಷರದಲ್ಲಿರಬೇಕು.

ಕೆಲಸ ಎಲ್ಲಿದೆ?

ಲಿನಕ್ಸ್ ಖ್ಯಾತಿಯ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ತೊಡಗಿದರು. ಲಿನಕ್ಸ್ ತಂಡ ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುವುದು ನಿಂತಿತ್ತು. ಸಾವಿರಾರು ಜನ ಒಂದೇ ಪ್ರೋಗ್ರಾಮಿನ ಮೇಲೆ ಕೆಲಸ ಮಾಡಬೇಕು, ಯಾರ ಕೆಲಸವೂ ಕಳೆಯಬಾರದು ಎಂಬ ಅಗತ್ಯದಿಂದ ಅದು ಹುಟ್ಟಿತು. ಹಾಗಾಗಿ ಅದರ ಸ್ವಭಾವವೇ ಕೂಡಿಡುವುದು.

ಗಿಟ್‌ನಲ್ಲಿ ನಿಮ್ಮ ಕೆಲಸ ನಾಲ್ಕು ಕಡೆ ಇರಬಹುದು. ಒಂದು, ನೀವು ತಿದ್ದುತ್ತಿರುವ ಫೋಲ್ಡರ್. ಎರಡು, ‘ಗಿಟ್ ಆ್ಯಡ್’ ಮಾಡಿದ ಮೇಲೆ ಅದು ಕಾಯುವ ಸ್ಟೇಜಿಂಗ್ ಜಾಗ. ಮೂರು, ‘ಗಿಟ್ ಕಮಿಟ್’ ಆದ ಮೇಲೆ ಅದೇ ಕಂಪ್ಯೂಟರಿನ ಭಂಡಾರ. ನಾಲ್ಕು, ‘ಗಿಟ್ ಪುಶ್’ ಆದ ಮೇಲೆ ದೂರದ ಗಿಟ್‌ಹಬ್. ನಾನು ಲ್ಯಾಬಿನಲ್ಲಿ ನೋಡುವ ತೊಂದರೆಗಳಲ್ಲಿ ಬಹುಪಾಲು, ಕೆಲಸ ಈ ನಾಲ್ಕರಲ್ಲಿ ಎಲ್ಲಿದೆ ಎಂದು ತಿಳಿಯದೆ ಹುಟ್ಟಿದವು. ಬಸ್ಸಿಗೆ ಹೊತ್ತಾಯಿತೆಂದು ಕಮಿಟ್ ಮಾಡಿ ಓಡುತ್ತಾರೆ, ಮರುದಿನ ಬೇರೆ ಕಂಪ್ಯೂಟರಿನ ಮುಂದೆ ಕೂತು ‘ನಿನ್ನೆಯ ಕಮಿಟ್ ಕಾಣೆ’ ಎನ್ನುತ್ತಾರೆ. ಅದು ನಿನ್ನೆ ಕೂತ ಕಂಪ್ಯೂಟರಿನಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ.

‘ಗಿಟ್ ಸ್ಟೇಟಸ್’ ಹೇಳುವುದು ಇದನ್ನೇ. ಯಾವುದು ತಿದ್ದಿದೆ, ಯಾವುದು ಸ್ಟೇಜ್ ಆಗಿದೆ, ಯಾವ ಶಾಖೆಯಲ್ಲಿದ್ದೀರಿ ಎಂದು ಹೇಳಿ, ಮುಂದೆ ಏನು ಮಾಡಬಹುದೆಂಬ ಸೂಚನೆಯನ್ನೂ ಕೊಡುತ್ತದೆ. ಅದು ಏನನ್ನೂ ಬದಲಿಸುವುದಿಲ್ಲ, ದಿನಕ್ಕೆ ನೂರು ಸಲ ಓಡಿಸಿದರೂ ನಷ್ಟವಿಲ್ಲ.

ಒಂದೇ ಕಂಪ್ಯೂಟರ್, ಹಲವರ ಹೆಸರು

ಬೆಳಿಗ್ಗೆ ಪ್ರಥಮ ಪಿಯುಸಿಯವರು ಕೂತ ಕುರ್ಚಿಯಲ್ಲೇ ಮಧ್ಯಾಹ್ನ ದ್ವಿತೀಯದವರು ಕೂರುತ್ತಾರೆ. ಅದರಿಂದ ಎರಡು ಬೇರೆ ಬೇರೆ ತೊಂದರೆ ಬರುತ್ತವೆ, ಇವೆರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು.

ಮೊದಲನೆಯದು ಹೆಸರಿನದು. ಯಾರೋ ‘ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್’ ಎಂದು ತಮ್ಮ ಹೆಸರು ಕೊಟ್ಟಿದ್ದರೆ, ಆ ವಿಂಡೋಸ್ ಲಾಗಿನ್‌ನಲ್ಲಿ ಕೂತ ಎಲ್ಲರ ಕಮಿಟ್‌ಗಳೂ ಅವರ ಹೆಸರಿನಲ್ಲೇ ದಾಖಲಾಗುತ್ತವೆ. ಅಂಕ ಕೊಡುವಾಗ ನಾನು ನೋಡುವುದು ಅದೇ ದಾಖಲೆಯನ್ನು. ಲ್ಯಾಬಿನಲ್ಲಿ ‘ಗ್ಲೋಬಲ್’ ಬಿಟ್ಟು, ನಿಮ್ಮ ಫೋಲ್ಡರಿನೊಳಗೆ ನಿಂತು ಹೆಸರು, ಇಮೇಲ್ ಎರಡನ್ನೂ ಕೊಡಿ. ಬೇರೆಯವರ ಹೆಸರಿನಲ್ಲಿ ಕಮಿಟ್ ಆಗಿಹೋಗಿದ್ದು, ಇನ್ನೂ ಪುಶ್ ಆಗಿರದಿದ್ದರೆ, ‘ಗಿಟ್ ಕಮಿಟ್ --ಅಮೆಂಡ್ --ರೀಸೆಟ್-ಆಥರ್’ ಕೊನೆಯ ಕಮಿಟ್ಟನ್ನು ನಿಮ್ಮ ಹೆಸರಿಗೆ ತರುತ್ತದೆ.

ಎರಡನೆಯದು ಪ್ರವೇಶದ್ದು. ಪುಶ್ ಮಾಡಿದಾಗ 403 ಎಂಬ ಸಂಖ್ಯೆಯೊಂದಿಗೆ ನಿಮಗೆ ಗೊತ್ತಿರದ ಯಾರದೋ ಖಾತೆಗೆ ಅನುಮತಿ ಇಲ್ಲ ಎಂದು ಬಂದರೆ, ಹಿಂದೆ ಕೂತವರ ಲಾಗಿನ್ ವಿಂಡೋಸ್‌ನಲ್ಲಿ ಉಳಿದಿದೆ ಎಂದರ್ಥ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ ಗಿಟ್‌ಹಬ್‌ನ ನಮೂದು ತೆಗೆದು ಮತ್ತೆ ಪುಶ್ ಮಾಡಿ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಪುಶ್‌ಗೆ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಬ್ರೌಸರ್ ಮೂಲಕ ಲಾಗಿನ್ ಆಗಬೇಕು ಅಥವಾ ಟೋಕನ್ ಬಳಸಬೇಕು. ಹಳೆಯ ಪುಸ್ತಕ ನೋಡಿ ಪಾಸ್‌ವರ್ಡನ್ನೇ ಹತ್ತು ಸಲ ಒತ್ತಿದರೂ ಅದು ಒಳಗೆ ಬಿಡುವುದಿಲ್ಲ. ಏಳುವ ಮುಂಚೆ ನಿಮ್ಮ ನಮೂದನ್ನೂ ತೆಗೆದು ಏಳಿ.

ಹನೂರು ಬಸ್ಸು ಎಷ್ಟು ಗಂಟೆಗೆ?

ದ್ವಿತೀಯ ಪಿಯುಸಿಯವರಿಗೆ ಗುಂಪು ಕೆಲಸವಾಗಿ ನಾನು ಕೊಟ್ಟಿರುವುದು ಬಸ್ ವೇಳಾಪಟ್ಟಿ: ಕೊಳ್ಳೇಗಾಲದಿಂದ ಹನೂರು, ಯಳಂದೂರು ಕಡೆಗೆ ಹೋಗುವ ಬಸ್ಸುಗಳ ಸಮಯವನ್ನು ಒಂದು ಕಡತದಲ್ಲಿಟ್ಟು, ಪೈಥಾನ್ ಪ್ರೋಗ್ರಾಮಿನಿಂದ ಹುಡುಕುವುದು. ಒಬ್ಬಳು ಹನೂರಿನ ಸಾಲಿನಲ್ಲಿ 4.15 ಎಂದು ಬರೆದು ಪುಶ್ ಮಾಡಿದಳು ಎನ್ನಿ. ಇನ್ನೊಬ್ಬ ಅದೇ ಸಾಲಿನಲ್ಲಿ 4.30 ಎಂದು ಬರೆದು ಪುಶ್ ಮಾಡಹೋದರೆ ‘ರಿಜೆಕ್ಟೆಡ್’ ಎಂದು ಬರುತ್ತದೆ. ಗಿಟ್‌ಹಬ್‌ನಲ್ಲಿ ನಿಮ್ಮ ಬಳಿ ಇಲ್ಲದ ಕಮಿಟ್ ಇದೆ, ಮೊದಲು ಅದನ್ನು ತಂದುಕೊಳ್ಳಿ ಎಂಬುದಷ್ಟೇ ಅದರ ಅರ್ಥ. ಈ ಹೊತ್ತಿನಲ್ಲಿ ಕೆಲವರು ಕಲಿತುಬಂದಿರುವ ಮಂತ್ರ ‘--ಫೋರ್ಸ್’. ಅದು ಗೆಳತಿಯ ಕಮಿಟ್ಟನ್ನು ಗಿಟ್‌ಹಬ್‌ನ ಶಾಖೆಯಿಂದ ತಳ್ಳಿ ನಿಮ್ಮದನ್ನು ಕೂರಿಸುತ್ತದೆ. ಗುಂಪು ಕೆಲಸದಲ್ಲಿ ಅದನ್ನು ಮುಟ್ಟಬೇಡಿ.

ನಿಮ್ಮದನ್ನು ಮೊದಲು ಕಮಿಟ್ ಮಾಡಿ, ‘ಗಿಟ್ ಪುಲ್’ ಮಾಡಿ. ಬೇರೆಯಾದ ಶಾಖೆಗಳನ್ನು ಹೇಗೆ ಕೂಡಿಸಲಿ ಎಂದು ಅದು ಕೇಳಿ ನಿಂತರೆ ‘ಗಿಟ್ ಪುಲ್ --ನೋ-ರೀಬೇಸ್’ ಎನ್ನಿ. ಇಬ್ಬರೂ ಒಂದೇ ಸಾಲು ಮುಟ್ಟಿರುವುದರಿಂದ ಈಗ ಕಾನ್‌ಫ್ಲಿಕ್ಟ್ ಬರುತ್ತದೆ. ಕಡತ ತೆರೆದರೆ ಏಳು ‘<’ ಚಿಹ್ನೆಗಳ ಕೆಳಗೆ ನಿಮ್ಮ ಸಾಲು, ಏಳು ‘=’ ಚಿಹ್ನೆಗಳ ಕೆಳಗೆ ಅವಳ ಸಾಲು, ಕೊನೆಗೆ ಏಳು ‘>’ ಕಾಣುತ್ತವೆ. ಬೇಕಾದದ್ದನ್ನು ಉಳಿಸಿ, ಚಿಹ್ನೆಯ ಮೂರೂ ಸಾಲು ಅಳಿಸಿ, ಆ್ಯಡ್ ಮಾಡಿ, ಕಮಿಟ್ ಮಾಡಿ. ಗಲಿಬಿಲಿಯಾದರೆ ‘ಗಿಟ್ ಮರ್ಜ್ --ಅಬಾರ್ಟ್’ ನಿಮ್ಮನ್ನು ಪುಲ್‌ಗೆ ಮುಂಚಿನ ಸ್ಥಿತಿಗೆ ತರುತ್ತದೆ.

ಆದರೆ ಯಾವುದನ್ನು ಉಳಿಸುವುದು? ಬಸ್ಸು ಎಷ್ಟಕ್ಕೆ ಹೊರಡುತ್ತದೆಂದು ಗಿಟ್‌ಗೆ ಗೊತ್ತಿಲ್ಲ. ‘ನನ್ನದು ನಾನು ಇಟ್ಟುಕೊಂಡೆ ಮೇಡಂ’ ಎನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಕೇಳಿಕೊಂಡು ಬನ್ನಿ.

ಕನ್ನಡ ಬರೆದಾಗ

ಗಿಟ್ ಪ್ರೋಗ್ರಾಮಿಗೆ ಮಾತ್ರ ಎಂದುಕೊಳ್ಳಬೇಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಅದರ ದತ್ತಾಂಶ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕನ್ನಡ ಪಠ್ಯ ಗಿಟ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಕೆಲವು ಸಂಗತಿ ತಿಳಿದಿರಬೇಕು ಅಷ್ಟೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಅಷ್ಟಾಗಿ ಸಿಗುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟು ‘ಗಿಟ್ ಸ್ಟೇಟಸ್’ ಓಡಿಸಿದರೆ ಹೆಸರಿನ ಜಾಗದಲ್ಲಿ \340\262, \340\263 ಎಂಬ ಸಂಖ್ಯೆಗಳ ಸಾಲು ಬರುತ್ತದೆ. ಇದನ್ನು ನೋಡಿ ವೈರಸ್ ಎಂದವರೂ ಇದ್ದಾರೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಇಂಗ್ಲಿಷಿಗೆ ಹೊರತಾದ ಬೈಟ್‌ಗಳನ್ನು ಗಿಟ್ ತಾನಾಗಿ ಅಷ್ಟಮಾನ ಸಂಖ್ಯೆಯಲ್ಲಿ ತೋರಿಸುತ್ತದೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಈ ‘ಗ್ಲೋಬಲ್’ ಯಾರಿಗೂ ತೊಂದರೆ ಕೊಡುವುದಿಲ್ಲ.

ಕನ್ನಡ ಕಡತ ತಿದ್ದಿದಾಗ ‘ಗಿಟ್ ಡಿಫ್’ ವ್ಯತ್ಯಾಸ ತೋರಿಸದೆ ‘ಬೈನರಿ ಫೈಲ್ಸ್ ಡಿಫರ್’ ಎಂದುಬಿಟ್ಟರೆ, ಅದನ್ನು ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-16 ಆಗಿ ಉಳಿಸಿರುವ ಸಾಧ್ಯತೆ ಹೆಚ್ಚು. ‘ಸೇವ್ ಆ್ಯಸ್’ನಲ್ಲಿ ಯುಟಿಎಫ್-8 ಆರಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಮತ್ತಿತರ ಚಿಹ್ನೆಗಳಿಗೆ ತೊಡಿಸಿದ ಕನ್ನಡ ವೇಷ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇನ್ನು ಅತಿ ಸೂಕ್ಷ್ಮವಾದ ತೊಂದರೆ ನಮ್ಮ ಊರಿನ ಹೆಸರಿನಲ್ಲೇ ಇದೆ! ‘ಕೊಳ್ಳೇಗಾಲ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ ಅದು 9 ಸಂಕೇತ, ಅಂದರೆ 27 ಬೈಟ್. ಆದರೆ ‘ಕೊ’ದಲ್ಲಿರುವ ಒ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಸೇರಿಸಿ ಎರಡಾಗಿಯೂ ಇಡಬಹುದು. ‘ಳ್ಳೇ’ಯ ದೀರ್ಘವೂ ಹಾಗೆಯೇ ಒಡೆಯುತ್ತದೆ. ಒಡೆದ ರೂಪದಲ್ಲಿ ಅದೇ ಹೆಸರು 11 ಸಂಕೇತ, 33 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಗಿಟ್ ಹೋಲಿಸುವುದು ಬೈಟ್‌ಗಳನ್ನು, ಆದ್ದರಿಂದ ಅದರ ಲೆಕ್ಕದಲ್ಲಿ ಎರಡೂ ಬೇರೆ. ಹಾಗಾಗಿ ಡಿಫ್‌ನಲ್ಲಿ ಕೆಂಪು ಸಾಲು, ಹಸಿರು ಸಾಲು ಎರಡೂ ಒಂದೇ ರೀತಿ ಕಾಣುತ್ತವೆ, ಪೈಥಾನ್ ಹುಡುಕಾಟದಲ್ಲಿ ‘ಕೊಳ್ಳೇಗಾಲ’ ಸಿಗುವುದೇ ಇಲ್ಲ. ಹನೂರು, ಯಳಂದೂರಿನವರು ಪಾರಾದರು, ಆ ಎರಡು ಹೆಸರುಗಳಲ್ಲಿ ಒಡೆಯುವ ಚಿಹ್ನೆಯೇ ಇಲ್ಲ. ಪರಿಹಾರ ಪೈಥಾನಿನಲ್ಲಿದೆ: ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್ನಿಗೆ ‘ಎನ್‌ಎಫ್‌ಸಿ’ ಎಂದು ಕೊಟ್ಟು (ಈ ಮೂರಕ್ಷರ ಮಾತ್ರ ದೊಡ್ಡದಾಗಿ) ಇಡೀ ಕಡತವನ್ನು ಒಂದೇ ರೂಪಕ್ಕೆ ತಂದು ಕಮಿಟ್ ಮಾಡಿ.

ಕಳೆದದ್ದು ಸಿಗುತ್ತದೆಯೇ?

ಕಮಿಟ್ ಮಾಡಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ‘ಗಿಟ್ ರೀಸೆಟ್ --ಹಾರ್ಡ್’ ಮಾಡಿ ಎರಡು ಕಮಿಟ್ ಹಿಂದಕ್ಕೆ ಹೋಗಿಬಿಟ್ಟಿದ್ದರೂ ‘ಗಿಟ್ ರಿಫ್ಲಾಗ್’ ಎನ್ನಿ. ‘ಹೆಡ್’ ಎಲ್ಲೆಲ್ಲಿ ಓಡಾಡಿತು ಎಂಬ ಪಟ್ಟಿ ಬರುತ್ತದೆ. ಕಳೆದ ಕಮಿಟ್‌ನ ಗುರುತುಸಂಖ್ಯೆಯನ್ನು ಅಲ್ಲಿಂದ ತೆಗೆದುಕೊಂಡು, ‘ಗಿಟ್ ಬ್ರಾಂಚ್’ ಎಂದು ಬರೆದು ಒಂದು ಹೊಸ ಹೆಸರು, ಆ ಸಂಖ್ಯೆ ಕೊಟ್ಟರೆ ಕಮಿಟ್ ಕೈಗೆ ಬರುತ್ತದೆ. ಯಾವ ಶಾಖೆಗೂ ಸೇರದ ಕಮಿಟ್‌ಗಳ ದಾಖಲೆಯನ್ನು ಗಿಟ್ ಸಾಮಾನ್ಯವಾಗಿ 30 ದಿನ ಉಳಿಸಿಕೊಳ್ಳುತ್ತದೆ. ಈ ಪಟ್ಟಿ ಇರುವುದು ಆ ಕಂಪ್ಯೂಟರಿನ ಆ ಫೋಲ್ಡರಿನಲ್ಲಿ ಮಾತ್ರ, ಪುಶ್ ಮಾಡಿದರೂ ಗಿಟ್‌ಹಬ್‌ಗೆ ಹೋಗುವುದಿಲ್ಲ. ಆ ಫೋಲ್ಡರನ್ನೇ ಅಳಿಸಿ ಬಂದವರಿಗೆ ನಾನು ಏನು ಮಾಡಿಕೊಡಲಿ?

ಆ್ಯಡ್ ಮಾಡಿ ಕಮಿಟ್ ಮಾಡದಿದ್ದರೆ ‘ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್’ ಹುಡುಕಿಕೊಡಬಹುದು, ಹೆಸರಿಲ್ಲದ ತುಣುಕುಗಳಾಗಿ. ಆ್ಯಡ್ ಕೂಡ ಮಾಡಿರದಿದ್ದರೆ ಗಿಟ್ ಅದನ್ನು ನೋಡಿಯೇ ಇಲ್ಲ.

ಕರೆಂಟು ಹೋಗಿ ಬಂದ ಮೇಲೆ ‘ಇಂಡೆಕ್ಸ್.ಲಾಕ್’ ಇದೆ ಎಂದು ಗಿಟ್ ಹಟ ಹಿಡಿಯುವುದುಂಟು. ಬೇರೆ ಯಾವ ಕಿಟಕಿಯಲ್ಲೂ ಗಿಟ್ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆ ಒಂದು ಕಡತವನ್ನಷ್ಟೇ ಅಳಿಸಿ. ಕಮಿಟ್ ಮಾಡಿದಾಗ ವಿಮ್ ಎಂಬ ಕಪ್ಪು ಪರದೆ ತೆರೆದು ಹೊರಬರಲಾಗದಿದ್ದರೆ ಎಸ್ಕೇಪ್ ಒತ್ತಿ, ‘:ಕ್ಯೂ!’ ಟೈಪ್ ಮಾಡಿ ಎಂಟರ್ ಒತ್ತಿ. ಮುಂದಿನ ಸಲ ‘-ಎಮ್’ ಹಾಕಿ ಸಂದೇಶವನ್ನು ಅಲ್ಲೇ ಬರೆಯಿರಿ. ‘ಮೇನ್’ಗೆ ಪುಶ್ ಮಾಡಿದರೆ ಹೊಂದುವುದಿಲ್ಲ ಎಂದು ಬಂದರೆ, ಒಂದೂ ಕಮಿಟ್ ಆಗಿಲ್ಲ ಅಥವಾ ನಿಮ್ಮ ಶಾಖೆಯ ಹೆಸರು ಇನ್ನೂ ‘ಮಾಸ್ಟರ್’ ಎಂದಿದೆ. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ಭಂಡಾರಗಳಿಗೆ ‘ಮೇನ್’ ಎಂದೇ ಹೆಸರಿಡುತ್ತದೆ. ‘ಗಿಟ್ ಬ್ರಾಂಚ್ -ಎಮ್ ಮೇನ್’ ಸಾಕು.

ಕಳೆಯಬೇಕೆಂದರೂ ಕಳೆಯದದ್ದು

ಗಿಟ್ ಕೂಡಿಡುತ್ತದೆ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ಸಹಪಾಠಿಗಳ ಫೋನ್ ನಂಬರಿನ ಪಟ್ಟಿಯನ್ನೋ, ನಿಮ್ಮ ಟೋಕನ್ನನ್ನೋ ಪ್ರಾಜೆಕ್ಟ್ ಫೋಲ್ಡರಿನಲ್ಲಿಟ್ಟು ಸಾರ್ವಜನಿಕ ಭಂಡಾರಕ್ಕೆ ಪುಶ್ ಮಾಡಿದಿರಿ ಎನ್ನಿ. ಮರುದಿನ ಕಡತ ಅಳಿಸಿ ಕಮಿಟ್ ಮಾಡಿದರೆ ಮೇಲುನೋಟಕ್ಕೆ ಅದು ಮಾಯ. ಹಿಂದಿನ ಕಮಿಟ್ ತೆರೆದವರಿಗೆ ಎಲ್ಲ ನಂಬರೂ ಇದ್ದಲ್ಲೇ ಇವೆ. ವಿದ್ಯಾರ್ಥಿನಿಯರ ನಂಬರ್ ಹೀಗೆ ಹೊರಬಿದ್ದರೆ ಏನಾಗಬಹುದೆಂದು ನಿಮಗೆ ಹೇಳಬೇಕಿಲ್ಲ.

ಪುಶ್ ಆಗಿರದಿದ್ದರೆ, ತಪ್ಪು ಕೊನೆಯ ಕಮಿಟ್‌ನಲ್ಲೇ ಇದ್ದರೆ, ಆ ಕಡತಕ್ಕೆ ‘ಗಿಟ್ ಆರ್‌ಎಮ್ --ಕ್ಯಾಶ್ಡ್’ ಕೊಟ್ಟು ‘ಗಿಟ್ ಕಮಿಟ್ --ಅಮೆಂಡ್’ ಮಾಡಿ. ಪುಶ್ ಆಗಿದ್ದರೆ ಭಂಡಾರವನ್ನು ತಕ್ಷಣ ಪ್ರೈವೇಟ್ ಮಾಡಿ. ಟೋಕನ್ ಇದ್ದರೆ ರದ್ದುಪಡಿಸಿ, ಪಾಸ್‌ವರ್ಡ್ ಇದ್ದರೆ ಬದಲಿಸಿ. ಇತಿಹಾಸವನ್ನು ತಿದ್ದಿ ಬರೆಯುವ ‘ಫಿಲ್ಟರ್-ರೆಪೊ’ ಎಂಬ ಸಾಧನವಿದೆ, ಅದನ್ನು ನನ್ನ ಜೊತೆ ಕೂತು ಮಾಡೋಣ. ಅಷ್ಟರೊಳಗೆ ಯಾರಾದರೂ ಇಳಿಸಿಕೊಂಡಿದ್ದರೆ ಅವರ ಪ್ರತಿಯನ್ನು ನಾವು ಮುಟ್ಟಲಾಗದು. ಆದ್ದರಿಂದ ಯಾರ ನಂಬರ್ ಇತ್ತೋ ಅವರಿಗೆ ಅದೇ ದಿನ ತಿಳಿಸಿ. ‘.ಗಿಟ್‌ಇಗ್ನೋರ್’ ಕಡತಕ್ಕೆ ಆ ಹೆಸರು ಸೇರಿಸುವುದು ಅದಾದ ಮೇಲಿನ ಕೆಲಸ. ಗಿಟ್ ಈಗಾಗಲೇ ಹಿಡಿದಿಟ್ಟ ಕಡತದ ಮೇಲೆ ‘.ಗಿಟ್‌ಇಗ್ನೋರ್’ ಕೆಲಸ ಮಾಡುವುದಿಲ್ಲ.