ಮಾತ್ರೆಗೆ ನಾಚಬೇಡ, ಡಾಕ್ಟರ ಮುಂದೆ ಮುಚ್ಚಿಡಬೇಡ

ತಮ್ಮಾ, ಮೊನ್ನೆ ರಾತ್ರಿ ಹನ್ನೊಂದಕ್ಕೆ ನಿನ್ನ ಫೋನ್ ಬಂದಾಗ ಎದೆ ಧಸಕ್ಕೆಂದಿತು. ಕುಡಿತ ಬಿಟ್ಟ ಹುಡುಗ ಆ ಹೊತ್ತಿನಲ್ಲಿ ಫೋನ್ ಮಾಡಿದರೆ ಮನಸ್ಸು ಮೊದಲು ಕೆಟ್ಟದ್ದನ್ನೇ ಎಣಿಸುತ್ತದೆ. ನೀನು ಕೇಳಿದ್ದು ಬೇರೆ. "ಕಾಕಾ, ಗಾಬರಿಗೆ ಡಾಕ್ಟರ್ ಮಾತ್ರೆ ಬರೆದಾರ. ಕೈಯಾಗ ಹಿಡ್ಕೊಂಡು ಕೂತೀನಿ. ನುಂಗಿದ್ರ ನನ್ನ ಎಂಟು ತಿಂಗಳು ನೀರಾಗ ಹೋದಂಗ ಅಲ್ಲೇನು?"

ಹೋಗುವುದಿಲ್ಲ ಅಂದೆ. ಆಮೇಲೆ ನಾನೊಂದು ಕೇಳಿದೆ: ಕುಡಿಯುತ್ತಿದ್ದದ್ದನ್ನು ಆ ಡಾಕ್ಟರಿಗೆ ಹೇಳಿದ್ದೀಯಾ? ನೀನು ಮಾತಾಡಲಿಲ್ಲ. ಹೈದರಾಬಾದಿನ ಮಿಯಾಪುರದ ನಿನ್ನ ರೂಮಿನ ಫ್ಯಾನಿನ ಸದ್ದು ಇಲ್ಲಿ ಕಾಚಿಗುಡದ ತನಕ ಕೇಳಿಸಿತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಕೈಯಲ್ಲಿ ಮಾತ್ರೆ ಹಿಡಿದು ಕೂತವರು ಇನ್ನೂ ಇದ್ದಾರೆ, ಅವರಿಗೂ ಇರಲಿ.

ಮೊದಲು ಆ ಗಾಬರಿಯ ಮಾತು. ಕುಡಿತ ಬಿಟ್ಟು ಎಂಟು ತಿಂಗಳಾದರೂ ಎದೆ ಯಾಕೆ ಡವಗುಟ್ಟುತ್ತದೆ, ಆಫೀಸಿನ ಲಿಫ್ಟಿನಲ್ಲಿ ಉಸಿರು ಯಾಕೆ ಕಟ್ಟುತ್ತದೆ ಅಂತ ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದೀ. ಮದ್ಯ ವರ್ಷಗಟ್ಟಲೆ ಮಿದುಳಿನ ಬ್ರೇಕನ್ನು ತಾನೇ ಒತ್ತಿ ಹಿಡಿದಿರುತ್ತದೆ. ಕಾಲು ತೆಗೆದ ಕೂಡಲೇ ಗಾಡಿ ಜೋರಾಗಿ ಓಡುತ್ತದೆ. ಕೈ ನಡುಕ, ಬೆವರು ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತವೆ, ನಿದ್ದೆಗೇಡು ಮತ್ತು ಕಳವಳ ತಿಂಗಳುಗಟ್ಟಲೆ ಉಳಿಯಬಹುದು. ಎಷ್ಟೋ ಜನರಿಗೆ ಗಾಬರಿಯ ಕಾಯಿಲೆ ಕುಡಿತಕ್ಕಿಂತ ಮೊದಲೇ ಇರುತ್ತದೆ. ಅದನ್ನು ಅಡಗಿಸಲೆಂದೇ ಬಾಟಲಿ ಹಿಡಿದವರು ಅವರು. ಅಂಥವರು ಬಾಟಲಿ ಬಿಟ್ಟಾಗ ಹಳೆಯ ಕಾಯಿಲೆ ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೆ ಚಿಕಿತ್ಸೆ ಮಾಡದೆ ಹಲ್ಲು ಕಚ್ಚಿ ಕೂತರೆ ಒಂದಲ್ಲ ಒಂದು ಸಂಜೆ ಕಾಲು ವೈನ್‌ಶಾಪಿನ ಕಡೆಗೇ ತಿರುಗುತ್ತದೆ. ನಾನು ಕಂಡ ಬಹಳಷ್ಟು ಮಂದಿ ಮತ್ತೆ ಕುಡಿದದ್ದು ಆಸೆಗಿಂತ ಹೆಚ್ಚಾಗಿ ಹೆದರಿಕೆಯಿಂದ.

ಹಾಗಾಗಿ ಮಾತ್ರೆ ಬೇಕಾದರೆ ತಗೋ. ಯಾವ ಮಾತ್ರೆ ಅನ್ನುವುದರಲ್ಲಿ ಎಲ್ಲ ಇದೆ.

ನಿನ್ನ ಚೀಟಿಯಲ್ಲಿ ಎರಡು ಹೆಸರಿದ್ದವು. ಒಂದು ಎಸಿಟಾಲೋಪ್ರಾಮ್, ದಿನಕ್ಕೊಂದು. ಅದು ಅಮಲು ತರುವುದಿಲ್ಲ, ಇವತ್ತು ನುಂಗಿದರೆ ಇವತ್ತೇ ಗೊತ್ತಾಗುವುದೂ ಇಲ್ಲ. ಎರಡರಿಂದ ಆರು ವಾರ ಕಾಯಬೇಕು. ಮೊದಲ ವಾರ ಹೊಟ್ಟೆ ತೊಳೆಸಬಹುದು, ಕಳವಳ ಸ್ವಲ್ಪ ಹೆಚ್ಚೂ ಆಗಬಹುದು. ಅದಕ್ಕೆ ಹೆದರಿ ನಾಲ್ಕನೇ ದಿನ ಬಿಟ್ಟುಬಿಡಬೇಡ, ಡಾಕ್ಟರಿಗೆ ಫೋನ್ ಮಾಡು. ಸರ್ಟ್ರಾಲಿನ್ ಅದರದೇ ದಾಯಾದಿ. ಬಸ್ಪಿರೋನ್ ಅನ್ನುವುದೂ ಚಟ ಹತ್ತಿಸದ ಮಾತ್ರೆ. ಕೈ ನಡುಕ, ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಕೊಡುತ್ತಾರೆ, ಆದರೆ ಆಸ್ತಮಾ ಇದ್ದವರಿಗೆ ಅದು ಸಲ್ಲ. ನಮ್ಮಂಥವರಿಗೆ ಡಾಕ್ಟರು ಮೊದಲು ನೋಡಬೇಕಾದ ಸಾಲು ಇದು.

ಎರಡನೆಯದು ಕ್ಲೊನಾಜೆಪಾಮ್. ಆಲ್ಪ್ರಾಜೊಲಾಮ್, ಡಯಾಜೆಪಾಮ್, ಲೊರಾಜೆಪಾಮ್ ಎಲ್ಲ ಅದರದೇ ಬಳಗ. ಆ ಮಾತ್ರೆಯ ಪಟ್ಟಿಯನ್ನು ದೀಪದ ಹತ್ತಿರ ಹಿಡಿದು ನೋಡು: ಎಡಮೂಲೆಯಲ್ಲಿ ಕೆಂಪಕ್ಷರದಲ್ಲಿ 'ಎನ್‌ಆರ್‌ಎಕ್ಸ್' ಅಂತ ಅಚ್ಚಾಗಿರುತ್ತದೆ. ಮಾದಕದ್ರವ್ಯ ಕಾಯ್ದೆಯ ಕೆಳಗೆ ಬರುವ ಔಷಧ ಅನ್ನುವುದರ ಗುರುತು ಅದು. ಈ ಬಳಗ ಅರ್ಧ ಗಂಟೆ, ಒಂದು ಗಂಟೆಯೊಳಗೆ ಮನಸ್ಸನ್ನು ತಣ್ಣಗೆ ಮಾಡುತ್ತದೆ, ಯಾಕೆಂದರೆ ಮಿದುಳಿನಲ್ಲಿ ಮದ್ಯ ಒತ್ತುತ್ತಿದ್ದ ಬ್ರೇಕನ್ನೇ ಇದೂ ಒತ್ತುತ್ತದೆ. ನಿನ್ನ ಮೈಗೆ ಅದರ ಪರಿಚಯ ಮೊದಲೇ ಇದೆ. ಮೊದಲ ಮಾತ್ರೆಗೇ ಅದು ಹಳೇ ಗೆಳೆಯನ ಹಾಗೆ ಹೆಗಲ ಮೇಲೆ ಕೈ ಹಾಕುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ ತಮ್ಮಾ. ನಾನು ಕುಡಿತ ಬಿಟ್ಟದ್ದು 1999ರಲ್ಲಿ. ಆಗ ಸಿಕಂದರಾಬಾದಿನಲ್ಲಿ ಗುಮಾಸ್ತಿಕೆ. ನಿದ್ದೆ ಬರುವುದಿಲ್ಲ ಅಂತ ಜೊತೆಯವನೊಬ್ಬ ಆಲ್ಪ್ರಾಜೊಲಾಮಿನ ಅರ್ಧ ಮಾತ್ರೆ ಕೊಟ್ಟ. ಹಾಸಿಗೆಗೆ ಬಿದ್ದವನು ಬೆಳಗಿನ ತನಕ ಎಚ್ಚರಾಗಲಿಲ್ಲ. ದೇವರೇ ಕೊಟ್ಟ ಹಾಗಾಯಿತು. ಮನೆಗೆ ಹೋಗುವ ದಾರಿಯ ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಪಟ್ಟಿ ಪಟ್ಟಿ ಕೊಡುತ್ತಿದ್ದರು. ಅರ್ಧ ಒಂದಾಯಿತು, ಒಂದು ವರ್ಷದಲ್ಲಿ ದಿನಕ್ಕೆ ಆರಾಯಿತು. ಬಾಯಲ್ಲಿ ವಾಸನೆ ಇಲ್ಲವಲ್ಲ, ಮನೆಯವರೂ ನಾನೂ ಕುಡಿತ ಬಿಟ್ಟದ್ದಕ್ಕೆ ಹೆಮ್ಮೆ ಪಡುತ್ತಲೇ ಇದ್ದೆವು.

ಒಂದು ದೀಪಾವಳಿಗೆ ಊರಿಗೆ, ರಾಯಚೂರಿಗೆ, ಹೋದಾಗ ಮಾತ್ರೆ ಮರೆತು ಹೋದೆ. ಇದೇ ಒಳ್ಳೆಯದಾಯಿತು, ಬಿಟ್ಟೇಬಿಡೋಣ ಅಂದುಕೊಂಡೆ. ಎರಡನೇ ದಿನ ಬೆಳಗ್ಗೆ ಅಕ್ಕ ಕೊಟ್ಟ ಸ್ಟೀಲ್ ಲೋಟ ಹಲ್ಲಿಗೆ ಟಕಟಕ ಬಡಿಯುತ್ತಿತ್ತು, ಚಹಾ ಅಂಗಿಯ ಮೇಲೆ. ಸಂಜೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಕಣ್ಣು ಬಿಟ್ಟಾಗ ಬಾಯಿ ತುಂಬ ರಕ್ತ, ನಾಲಿಗೆ ಕಚ್ಚಿಕೊಂಡಿದ್ದೆ. ಅಕ್ಕನ ಮಗಳು ಬಾಗಿಲ ಬಳಿ ನಿಂತು ಅಳುತ್ತಿದ್ದಳು. ಅವಳಿಗೆ ಆಗ ಆರು ವರ್ಷ.

ಆಮೇಲೆ ಎರ್ರಗಡ್ಡಕ್ಕೆ ಹೋದೆ. ಹೈದರಾಬಾದಿನಲ್ಲಿ ಆ ಹೆಸರು ಬೈಗುಳ. "ಇವನನ್ನ ಎರ್ರಗಡ್ಡಕ್ಕೆ ಕಳಿಸ್ರಿ" ಅಂತ ನಗುವವರನ್ನು ನೀನೂ ಕೇಳಿದ್ದೀಯ. ಅಲ್ಲಿಯ ಮಾನಸಿಕ ಆಸ್ಪತ್ರೆಯ ಡಾಕ್ಟರು ನನ್ನನ್ನು ನೋಡಿ ನಗಲಿಲ್ಲ. ಬಿಟ್ಟೆನೆಂದುಕೊಂಡ ಔಷಧದ ಬಳಗದ್ದನ್ನೇ ಲೆಕ್ಕ ಹಾಕಿ ಕೊಟ್ಟು, ವಾರ ವಾರ ಒಂದಿಷ್ಟು ಇಳಿಸುತ್ತ, ಎರಡೂವರೆ ತಿಂಗಳಲ್ಲಿ ಬಿಡಿಸಿದರು. ಅದಕ್ಕೇ ನಿನಗೆ ಮತ್ತೆ ಮತ್ತೆ ಹೇಳುವುದು: ಈ ಮಾತ್ರೆ ದಿನಾ ನುಂಗುವವರು ಯಾರೂ ಒಂದೇ ದಿನ ನಿಲ್ಲಿಸಬಾರದು. ಛಲದ ಮೇಲೆ ಬಿಡುವ ವಸ್ತು ಅಲ್ಲ ಇದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ಡಾಕ್ಟರ ಕೈ ಹಿಡಿದು.

ನನಗಾದದ್ದು ಒಬ್ಬನ ಕಥೆ. 2015ರಲ್ಲಿ ಅದನ್ನೇ ನಾನು ಊರೂರಿನ ಕಥೆಯಾಗಿ ನೋಡಿದೆ. ಮರದಿಂದ ಇಳಿಸುವ ಹೆಂಡಕ್ಕೆ ಇಲ್ಲಿ ಕಲ್ಲು ಅನ್ನುತ್ತಾರೆ, ನಮ್ಮ ರಾಯಚೂರು ಕಡೆ ಸೇಂದಿ. ಈಚಲು, ತಾಳೆ ಮರದಿಂದ ಇಳಿಸಿದ್ದು ಊರಿಗೆಲ್ಲ ಸಾಲುವುದಿಲ್ಲ. ಹಾಗಾಗಿ ನೀರಿಗೆ ಸಕ್ಕರೆ, ಸ್ಯಾಕರಿನ್ ಬೆರೆಸಿ, ಅಮಲಿಗೆ ಸಿ.ಎಚ್. ಪೌಡರ್ ಅನ್ನುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಾಜೊಲಾಮ್ ಹಾಕುತ್ತಾರೆ. ನಿನ್ನ ಪಟ್ಟಿಯಲ್ಲಿ ಅರ್ಧ ಮಿಲಿಗ್ರಾಂ ಇರುವ ಆ ಬಳಗದ ಔಷಧ ಅಲ್ಲಿ ಕಿಲೋ ಲೆಕ್ಕದಲ್ಲಿ ಸಾಗುತ್ತದೆ. ಆ ವರ್ಷ ಸರ್ಕಾರ ಕಲಬೆರಕೆಯ ಮೇಲೆ ಬಿಗಿ ಮಾಡಿತು. ಪೌಡರ್ ನಿಂತ ಎರಡು ಮೂರು ದಿನಕ್ಕೆ ನಿಜಾಮಾಬಾದ್, ಮಹಬೂಬ್‌ನಗರದ ಕಡೆಯಿಂದ ಜನ ಆಸ್ಪತ್ರೆಗಳಿಗೆ ಬರತೊಡಗಿದರು. ಕೂಲಿಯವರು, ಬೀಡಿ ಕಟ್ಟುವ ಹೆಂಗಸರು, ಮುದುಕರು. ಕೈಕಾಲು ನಡುಗುವುದು, ಫಿಟ್ಸ್, ಇಲ್ಲದ್ದು ಕಾಣಿಸುವುದು, ಏನೇನೋ ಮಾತಾಡುವುದು. ಎರ್ರಗಡ್ಡ ತುಂಬಿಹೋಯಿತು, ಸತ್ತವರೂ ಇದ್ದರು. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಲ್ಲು ಕುಡಿದು ಹಲವರು ತೀರಿಕೊಂಡರು, ಎಷ್ಟೋ ಮಂದಿ ನಿಮ್ಸ್ ಮತ್ತು ಗಾಂಧಿ ಆಸ್ಪತ್ರೆ ಸೇರಿದರು. ನಿನ್ನ ಮಿಯಾಪುರದ ಪಕ್ಕದಲ್ಲೇ. ಆಗಲೂ ಕೇಳಿಬಂದದ್ದು ಆಲ್ಪ್ರಾಜೊಲಾಮ್ ಹೆಸರೇ.

ಆ ಜನಕ್ಕೆ ತಾವು ಯಾವ ಔಷಧ ನುಂಗುತ್ತಿದ್ದೇವೆಂದು ಯಾರೂ ಹೇಳಿರಲಿಲ್ಲ. ನಿನ್ನ ಕೈಯಲ್ಲಿ ಚೀಟಿ ಇದೆ, ಓದಲು ಬರುತ್ತದೆ, ಕೇಳಲು ಬಾಯಿದೆ. ಕೇಳದೆ ಇದ್ದರೆ ತಪ್ಪಾಗುತ್ತದೆ.

ಹಾಗಂತ ಆ ಬಳಗವನ್ನೇ ವಿಷ ಅನ್ನಬೇಡ. ನೀನು ಕುಡಿತ ಬಿಟ್ಟ ಮೊದಲ ವಾರ ಆಸ್ಪತ್ರೆಯಲ್ಲಿ ಫಿಟ್ಸ್ ಬರದಂತೆ ಕಾಪಾಡಿದ್ದು ಅದರದೇ ಜಾತಿಯ ಮಾತ್ರೆ. ಕೆಲವೊಮ್ಮೆ ಡಾಕ್ಟರು ಎಲ್ಲ ತಿಳಿದೇ, ಮೊದಲ ಔಷಧ ಹಿಡಿಯುವ ತನಕ, ಕೆಲವು ದಿನಕ್ಕೆ ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಎಷ್ಟು ದಿನಕ್ಕೆ, ಯಾವತ್ತಿನಿಂದ ಇಳಿಸುವುದು ಅಂತ ಅದೇ ದಿನ ಕೇಳಿ ಬರೆಸಿಕೋ. ವಾರಕ್ಕೆ ಬೇಕಾದಷ್ಟೇ ತಗೊಂಡು ಬಾ. ಪಟ್ಟಿ ನಿನ್ನ ಜೇಬಿನಲ್ಲಿ ಬೇಡ, ನಿಮ್ಮಣ್ಣನ ಹತ್ತಿರ ಇರಲಿ. ಒಬ್ಬರೇ ಡಾಕ್ಟರು, ಒಂದೇ ಅಂಗಡಿ. ಈ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಉಸಿರು ನಿಲ್ಲಬಹುದು, ಇದನ್ನು ನಿಮ್ಮಣ್ಣನಿಗೂ ತಿಳಿಸು. ನಿದ್ದೆ ಮಾತ್ರೆ, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧ, ಪ್ರಿಗಾಬಾಲಿನ್ ಯಾರಾದರೂ ಬರೆದಾಗಲೂ ನಿನ್ನ ಕಥೆ ಹೇಳದೆ ಒಪ್ಪಿಕೊಳ್ಳಬೇಡ. ಹಲ್ಲಿನ ಡಾಕ್ಟರಾದರೂ ಸರಿ.

ಇನ್ನು ನಿನ್ನ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿನ ಹಿರಿಯರೊಬ್ಬರು "ಮಾತ್ರೆ ನುಂಗಿದವನು ಸೋಬರ್ ಅಲ್ಲ" ಅಂದರಂತೆ. ಅವರ ಮೇಲೆ ನನಗೆ ಗೌರವ ಇದೆ, ಆ ಮಾತಿನ ಮೇಲೆ ಇಲ್ಲ. ಎ.ಎ. ಸಂಸ್ಥೆಯೇ ಪ್ರಕಟಿಸಿದ ಕಿರುಹೊತ್ತಗೆ ಸದಸ್ಯರು ಡಾಕ್ಟರರ ಕೆಲಸಕ್ಕೆ ಕೈ ಹಾಕಬಾರದು ಅನ್ನುತ್ತದೆ. 1935ರಲ್ಲಿ ಅದನ್ನು ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ಅವರೇ ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿದವರು. ಮೀಟಿಂಗ್ ಬಿಡಬೇಡ. ಅಲ್ಲಿ ಸಿಗುವ ಜೊತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಔಷಧದ ಮಾತು ಮಾತ್ರ ಡಾಕ್ಟರ ಜೊತೆ.

ಮತ್ತೊಂದು. ದಿನಕ್ಕೆ ಎಷ್ಟು ಇರಾನಿ ಚಾಯ್ ಕುಡಿಯುತ್ತೀ? ಬಾಟಲಿ ಬಿಟ್ಟವರೆಲ್ಲ ಈ ಊರಿನಲ್ಲಿ ಚಹಾಕ್ಕೆ ಬೀಳುತ್ತೇವೆ. ಏಳೆಂಟು ಕಪ್ ಒಳಗೆ ಹೋದರೆ ಎದೆ ಡವಗುಟ್ಟದೆ ಇನ್ನೇನು ಮಾಡೀತು? ಎರಡಕ್ಕೆ ಇಳಿಸು, ಸಂಜೆ ಮೇಲೆ ಬೇಡ. ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸು, ಅದು ಕೆಟ್ಟರೂ ಹೀಗೇ ಆಗುತ್ತದೆ. ಮಾತಿನ ಚಿಕಿತ್ಸೆಯನ್ನೂ ಕೇಳು. ಗಾಬರಿ ಬಂದಾಗ ಅದರಿಂದ ಓಡದೆ ನಿಲ್ಲುವುದನ್ನು ಅಲ್ಲಿ ಕಲಿಸುತ್ತಾರೆ. ಆ ಕಲಿಕೆ ಮಾತ್ರೆ ಮುಗಿದ ಮೇಲೂ ನಿನ್ನ ಜೊತೆಗಿರುತ್ತದೆ.

ಕ್ಲೊನಾಜೆಪಾಮ್ ಒಂದೂ ನುಂಗಿಲ್ಲ ಅಂದೆಯಲ್ಲ, ಹಾಗೇ ಇರಲಿ. ಡಾಕ್ಟರ ಹತ್ತಿರ ಮತ್ತೆ ಹೋಗು. ಎಷ್ಟು ವರ್ಷ ಕುಡಿದೆ, ಯಾವತ್ತು ಬಿಟ್ಟೆ, ಬಿಟ್ಟಾಗ ಫಿಟ್ಸ್ ಬಂದಿತ್ತೋ ಇಲ್ಲವೋ, ಈಗ ಏನೇನು ಮಾತ್ರೆ ತಗೊಳ್ಳುತ್ತಿದ್ದೀ, ಇಷ್ಟನ್ನೂ ಒಂದು ಕಾಗದದ ಮೇಲೆ ಬರೆದುಕೊಂಡು ಹೋಗು. ಬಾಯಿ ಕಟ್ಟಿದರೆ ಕಾಗದ ಕೊಟ್ಟುಬಿಡು. ಅವರು ಮುಖ ಸಿಂಡರಿಸಿದರೆ ಬೇರೆ ಡಾಕ್ಟರನ್ನು ನೋಡೋಣ. ಮಿಯಾಪುರದಿಂದ ಎರ್ರಗಡ್ಡಕ್ಕೆ ಒಂದೇ ಮೆಟ್ರೊ, ಗಾಡಿ ಬದಲಿಸುವುದೂ ಬೇಡ. ನಡುರಾತ್ರಿ ತಡೆಯಲಾಗದ ಗಾಬರಿ ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯಬೇಕು ಅನ್ನಿಸಿದರೆ ಅಥವಾ ಮತ್ತೆ ಕುಡಿದುಬಿಟ್ಟರೆ ನನಗೆ ಫೋನ್ ಮಾಡಲು ಹೊತ್ತು ಗೊತ್ತು ನೋಡಬೇಡ.

ಸೋಮವಾರ ಹತ್ತು ಗಂಟೆಗೆ ಮಿಯಾಪುರ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ. ಆ ಕಾಗದ ತಗೊಂಡು ಬಾ.